ಕಿಟಕಿಯಿಂದ ಎಸೆದ ಚೀಲ

ಮಸ್ಕಿ ಬಸ್ ನಿಲ್ದಾಣಕ್ಕೆ ಬೆಳಗ್ಗೆ ಎಂಟಕ್ಕೆ ಲಿಂಗಸುಗೂರಿನಿಂದ ಒಂದು ಬಸ್ಸು ಬರುತ್ತದೆ. ಅಲ್ಲಿಂದ ಸಿಂಧನೂರಿಗೆ ಹೋಗುತ್ತದೆ. ಕಾಲೇಜಿನ ಮಕ್ಕಳು, ನಾಟಿ ಕೂಲಿಗೆ ಹೋಗುವ ಹೆಣ್ಣುಮಕ್ಕಳು, ಆಸ್ಪತ್ರೆಗೆ ಹೋಗುವ ಮುದುಕರು, ಎಲ್ಲರಿಗೂ ಅದೇ ಬಸ್ಸು ಬೇಕು. ಬಸ್ಸು ನಿಲ್ಲುವ ಮೊದಲೇ ಕಿಟಕಿಗಳಿಂದ ಟವೆಲ್ಲು, ಊಟದ ಡಬ್ಬಿ, ಚೀಲ ಒಳಗೆ ಹಾರುತ್ತವೆ. ಚೀಲ ಬಿದ್ದ ಸೀಟು ಚೀಲದವರದ್ದು. ಆಮೇಲೆ ಚೀಲದವರು ಆರಾಮಾಗಿ ಚಹಾ ಕುಡಿದು ಬರುತ್ತಾರೆ. ಅದನ್ನು ಯಾರೂ ಸರಿಸುವುದಿಲ್ಲ, ಒಳಗೆ ಏನಿದೆ ಎಂದು ಯಾರೂ ಕೇಳುವುದಿಲ್ಲ. ಇದು ನಮ್ಮ ಕಡೆಯ ಕಾಯ್ದೆ. ಸರ್ಕಾರದ ಕಾಯ್ದೆ ಮುರಿದರೂ ಮುರಿದೇವು, ಇದನ್ನು ಮುರಿಯುವುದಿಲ್ಲ.

ಈ ಕೆಲಸದಲ್ಲಿ ಪಂಪಣ್ಣನನ್ನು ಮೀರಿಸುವವರಿರಲಿಲ್ಲ. ಐವತ್ತು ದಾಟಿದ್ದರೂ ಬಸ್ಸಿನ ಪಕ್ಕ ಓಡಿ, ಬೇಕಾದ ಸೀಟಿಗೇ ಚೀಲ ಎಸೆಯುತ್ತಿದ್ದ. ಅವನ ಮಗಳು ಜ್ಯೋತಿ ಸಿಂಧನೂರಿನ ಕಾಲೇಜಿಗೆ ಹೋಗುತ್ತಾಳೆ. ಅವಳು ಒಂದು ದಿನವೂ ನಿಂತುಕೊಂಡು ಹೋಗಿಲ್ಲ ಎನ್ನುವುದೇ ಅವನಿಗೆ ದೊಡ್ಡ ಜಂಬ.

ನಿಲ್ದಾಣದಲ್ಲಿ ಹೋಂ ಗಾರ್ಡ್ ಕೆಲಸ ಮಾಡುವ ಜಯಶ್ರೀಗೆ ಇದನ್ನು ನೋಡಿ ನೋಡಿ ಸಾಕಾಗಿತ್ತು.

"ಪಂಪಣ್ಣಾ, ಎಷ್ಟು ಸಲ ಹೇಳ್ಬೇಕ್ರಿ ನಿಮಗ? ಮನಿಶ್ಯಾ ಇಲ್ಲದ ಚೀಲ ಬಸ್ಸಿನ್ಯಾಗ ಇರಬಾರದು."

"ಯಾಕವ್ವಾ, ಚೀಲಕ್ಕೂ ಟಿಕೀಟ್ ತೆಗಸಬೇಕೇನು?"

ಸುತ್ತಲಿನವರು ನಕ್ಕರು. ಜಯಶ್ರೀ ನಗಲಿಲ್ಲ.

"ಟಿಕೀಟ್ ಬ್ಯಾಡ. ಚೀಲದ ಜೋಡಿ ಅದರ ಮಾಲಕ ಇರ್ಲಿ. ನೀವೆಲ್ಲಾ ಹಿಂಗ ಚೀಲ ಒಗದು ಚಾ ಕುಡಿಯಾಕ ಹೋಗ್ತೀರಿ. ಕೆಟ್ಟ ಬುದ್ಧಿಯಾಂವ ಯಾವನರೆ ಒಂದು ಚೀಲ ಇಟ್ಟು ಹೋದ್ರ ನಮಗ ಹೆಂಗ ಗೊತ್ತಾಗ್ಬೇಕು?"

"ಮಸ್ಕ್ಯಾಗ ಬಾಂಬ್ ಇಡಾಕ ಯಾರಿಗೆ ತಲಿ ಕೆಟ್ಟೈತಿ? ಅವೆಲ್ಲಾ ದೊಡ್ಡ ಶಹರದಾಗ. ಬೇಕಾದ್ರ ಆ ಬಾಗಲಾಗ ಕುಂತ ರಗ್ಗು ಮಾರಾಂವನ್ನ ಕೇಳು ಹೋಗು. ಯಾ ಊರಾಂವೋ ಏನೋ. ನಾವು ಊರ ಮಂದಿ, ನಮ್ಮನ್ನ ಏನ್ ಕೇಳ್ತಿ?"

"ಮಂದಿ ಮಾರಿ ನೋಡಿ ಹೆದರಬ್ಯಾಡ್ರಿ ಅಣ್ಣಾ. ಮಾಲಕ ಇಲ್ಲದ ಚೀಲ ನೋಡಿ ಹೆದರ್ರಿ. ಅಂಥಾದ್ದು ಕಂಡ್ರ ಮುಟ್ಟಬಾರದು, ಎತ್ತಬಾರದು. ಇದು ಯಾರ್ದು ಅಂತ ಜೋರಾಗಿ ಕೇಳ್ಬೇಕು. ಯಾರೂ ಹೂಂ ಅನ್ಲಿಲ್ಲಂದ್ರ ಮಂದೀನ ದೂರ ಕಳಸಿ ನಮಗ ಹೇಳ್ಬೇಕು. ಇಲ್ಲಾಂದ್ರ ದೂರ ಹೋಗಿ ಒನ್ ಒನ್ ಟೂಗೆ ಫೋನ್ ಹಚ್ಚಬೇಕು."

"ಆತು ಬಿಡವ್ವಾ, ಕಲೆಕ್ಟರ್ ಸಾಹೇಬ್ರೇ," ಎಂದು ಪಂಪಣ್ಣ ಕೈ ಮುಗಿದು ಹೋದ.

ಮುಂದಿನ ಭಾನುವಾರ ಅವನ ಮನೆಗೆ ಹೆಂಡತಿ ಗ್ಯಾನಮ್ಮನ ತಮ್ಮ ಬೀರಲಿಂಗ ಬಂದ. ಅವನು ಕಲ್ಲು ಕ್ವಾರಿಯಲ್ಲಿ ಕೆಲಸ ಮಾಡುವವನು. ಕೈಯಲ್ಲಿ ಒಂದು ಹಸಿರು ರೆಕ್ಸಿನ್ ಚೀಲ.

"ಏನೈತೋ ಇದರಾಗ? ಭಾರೈತಿ," ಎಂದಳು ಗ್ಯಾನಮ್ಮ.

"ಉಡೂ ಅರಿಬಿ ಅಕ್ಕಾ. ನಾಳೆ ಸಿಂಧನೂರ ಆಚಿ ದಢೇಸುಗೂರಿಗೆ ಗೆಳ್ಯಾನ ಮನಿಗೆ ಹೊಂಟೀನಿ."

ಗ್ಯಾನಮ್ಮ ಚೀಲವನ್ನು ಒಲೆಯ ಪಕ್ಕದ ಗೂಟಕ್ಕೆ ನೇತುಹಾಕಿದಳು. ಇನ್ನೊಂದು ಮಾತು ಕೇಳಲಿಲ್ಲ. ಒಡಹುಟ್ಟಿದವನನ್ನು ಏನೆಂದು ಕೇಳುವುದು?

ಸೋಮವಾರ ಪಂಪಣ್ಣ, ಜ್ಯೋತಿ, ಬೀರಲಿಂಗ ಮೂವರೂ ನಿಲ್ದಾಣಕ್ಕೆ ಬಂದರು. ಜ್ಯೋತಿಗೆ ಅವತ್ತು ಪ್ರಾಕ್ಟಿಕಲ್ ಪರೀಕ್ಷೆ. ಬೀರಲಿಂಗ ಚೀಲವನ್ನು ಪಂಪಣ್ಣನ ಕೈಗೆ ಕೊಟ್ಟ.

"ಜರಾ ಹಿಡಿ ಮಾವಾ. ಎಲಿಅಡಿಕಿ ಕಟ್ಟಿಸಿಕೊಂಡು ಬರ್ತೀನಿ."

ಅವನು ಅತ್ತ ಹೋದ, ಇತ್ತ ಬಸ್ಸು ಬಂತು. ಪಂಪಣ್ಣ ಅಭ್ಯಾಸದಂತೆ ಓಡಿದ. ಎರಡನೇ ಕಿಟಕಿಗೆ ಗುರಿಯಿಟ್ಟು ಹಸಿರು ಚೀಲ ಎಸೆದ. ಅದು ಧೊಪ್ಪನೆ ಸೀಟಿನ ಮೇಲೆ ಬಿತ್ತು. ಜ್ಯೋತಿ ಹತ್ತಿ ಅದರ ಪಕ್ಕದಲ್ಲಿ ಕುಳಿತಳು. ರೆಕಾರ್ಡ್ ಪುಸ್ತಕವನ್ನು ಚೀಲದ ಮೇಲಿಟ್ಟು, ಮೊಣಕೈ ಊರಿ ಓದತೊಡಗಿದಳು. ಬಸ್ಸು ತುಂಬಿತು.

ಬೀರಲಿಂಗ ಎಲೆಅಡಿಕೆ ಜಗಿಯುತ್ತ ಬಂದ. "ಮಾವಾ, ಚೀಲ ಎಲ್ಲಿ?"

"ಸೀಟ್ ಹಿಡದೈತಿ ಹೋಗು. ಹೆಂಗ ಒಗದೆ ನೋಡ್ಬೇಕಿತ್ತು ನೀ!"

"ಒಗದ್ಯಾ?" ಬೀರಲಿಂಗನ ದವಡೆ ಅಲ್ಲೇ ನಿಂತಿತು. "ಮಾವಾ, ಖರೇನ ಒಗದ್ಯಾ?"

"ಮತ್ತ? ಕುಂಕುಮ ಹಚ್ಚಿ ಇಡಬೇಕಿತ್ತೇನು?"

ಬೀರಲಿಂಗ ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದ. "ಅದರಾಗ ತೋಟಾ ಅದಾವ. ಕ್ಯಾಪೂ ಅದಾವ. ಕಾಲುವ್ಯಾಗ ಸಿಡಿಸಿ ಮೀನಾ ಹೊಡಿಯಾಕ ಕ್ವಾರಿಯಿಂದ ತಂದಿದ್ದೆ."

ತೋಟಾ ಎಂದರೆ ಬಂಡೆ ಸಿಡಿಸುವ ಮದ್ದು. ಕ್ಯಾಪ್ ಎಂದರೆ ಆ ಮದ್ದನ್ನು ಹೊತ್ತಿಸುವ ಸಣ್ಣ ಕೊಳವೆ. ಜೋರಾಗಿ ಪೆಟ್ಟು ಬಿದ್ದರೆ ಕ್ಯಾಪ್ ಸಿಡಿಯಬಹುದು. ಮೂರು ಮೀನಿನ ಆಸೆಗೆ ಈ ಮಹಾಶಯ ಅದನ್ನು ಅಕ್ಕನ ಮನೆಗೆ ತಂದಿದ್ದ, ಬಸ್ ನಿಲ್ದಾಣಕ್ಕೂ ತಂದಿದ್ದ.

ಪಂಪಣ್ಣ ಬಸ್ಸಿನತ್ತ ತಿರುಗಿದ. ಕಂಡಕ್ಟರ್ ಇಮಾಮ್‌ಸಾಬ್ ಬಾಗಿಲಲ್ಲಿ ನಿಂತು ಸೀಟಿ ಬಾಯಿಗಿಟ್ಟಿದ್ದ.

"ಸುಮ್ಕಿರು ಮಾವಾ," ಬೀರಲಿಂಗ ಪಿಸುಗುಟ್ಟಿದ. "ಈಗ ಏನೂ ಆಗಿಲ್ಲಲ್ಲ. ನಾ ಹತ್ತಿ ಕುಂದರ್ತೀನಿ, ಸಿಂಧನೂರಾಗ ಇಳಿಸಿಕೊಂತೀನಿ. ನೀ ಬಾಯಿ ಬಿಟ್ಟ್ರ ನಾ ಜೇಲಿಗೆ ಹೋಗ್ತೀನಿ. ಅಕ್ಕ ನಿನ್ನ ಮನ್ಯಾಗ ಇರಗೊಡ್ತಾಳೇನು?"

ಪಂಪಣ್ಣ ಕಿಟಕಿಯತ್ತ ನೋಡಿದ. ಮಗಳ ಮೊಣಕೈ ಚೀಲದ ಮೇಲಿತ್ತು. ಕೈ ಹಾಕಿ ಚೀಲ ಹೊರಗೆ ಎಳೆದುಬಿಡಲೇ ಎನಿಸಿತು. ಕೈ ಕಿಟಕಿಯ ತನಕ ಹೋಯಿತು. ಮುಟ್ಟಬಾರದು, ಎತ್ತಬಾರದು. ತಾನು ಕೈ ಮುಗಿದು ಗೇಲಿ ಮಾಡಿದ್ದ ಮಾತು ಆಗ ನೆನಪಾಯಿತು. ಕೈ ಹಿಂದೆ ಬಂತು. ಅವನು ಹೋಗಿ ಬಸ್ಸಿನ ಮುಂದೆಯೇ ನಿಂತ.

"ಇಮಾಮ್‌ಸಾಬ್, ಬಸ್ ಬಿಡಬ್ಯಾಡ! ಜಯಶ್ರೀ, ಬಾ ಇಲ್ಲಿ! ನಾ ಒಗದ ಚೀಲದಾಗ ತೋಟಾ ಅದಾವ!"

ಜಯಶ್ರೀ ಕಿರುಚಲಿಲ್ಲ. ಡ್ರೈವರಿಗೆ ಇಂಜಿನ್ ಬಂದ್ ಮಾಡಿಸಿದಳು, ಎರಡೂ ಬಾಗಿಲು ತೆಗೆಸಿದಳು.

"ದೂಕಬ್ಯಾಡ್ರಿ, ಒಬ್ಬೊಬ್ರ ಇಳೀರಿ," ಇಮಾಮ್‌ಸಾಬ್ ಮುದುಕಿಯೊಬ್ಬಳ ಕೈ ಹಿಡಿದು ಇಳಿಸುತ್ತ ಕೂಗಿದ. "ಸಾಮಾನಾ ಇಲ್ಲೇ ಇರ್ಲಿ. ಜೀವಾ ತೊಗೊಂಡು ಇಳೀರಿ!"

"ಅಪ್ಪಾ, ನನ್ನ ರೆಕಾರ್ಡ್ ಪುಸ್ತಕ ಇದರ ಮ್ಯಾಲೈತಿ! ಇವತ್ತು ಪರೀಕ್ಷಾ!"

"ಹಾಳಾಗಿ ಹೋಗ್ಲಿ ಪುಸ್ತಕ! ಕೈ ತೆಗಿ. ಸಾವಕಾಶ ಏಳು. ಇಳಿ ಕೆಳಗ!"

ಒಬ್ಬ ಮಹಾನುಭಾವ ಫೋನು ಹಿಡಿದು ವಿಡಿಯೋ ಮಾಡಲು ಕಿಟಕಿಯ ಹತ್ತಿರ ಹೋದ. ಜಯಶ್ರೀ ಲಾಠಿ ಎತ್ತಿದ ಮೇಲೆ ಅವನಿಗೆ ಬುದ್ಧಿ ಬಂತು. ಪಂಪಣ್ಣ ಅನುಮಾನಪಟ್ಟಿದ್ದ ಆ ರಗ್ಗು ಮಾರುವವನು ಏನು ಮಾಡಿದ ಗೊತ್ತೇ? ತನ್ನ ರಗ್ಗುಗಳನ್ನೆಲ್ಲ ನಿಲ್ದಾಣದ ಬಾಗಿಲಿಗೆ ಅಡ್ಡ ಹಾಸಿ, ಒಳಗೆ ಬರುತ್ತಿದ್ದ ಆಟೋಗಳನ್ನು ತಡೆದ.

ಬೀರಲಿಂಗ ಮೆಲ್ಲಗೆ ಜಾರುತ್ತಿದ್ದ. ಪಂಪಣ್ಣ ಅವನ ಕೊರಳಪಟ್ಟಿ ಹಿಡಿದ.

"ಎಲ್ಲಿಗಲೇ? ಎಷ್ಟು ತೋಟಾ, ಎಷ್ಟು ಕ್ಯಾಪ್, ಹೆಂಗ ಇಟ್ಟೀ, ಎಲ್ಲಾ ಹೇಳು. ಅದನ್ನ ತೆಗಿಯಾಕ ಬರೂ ಮಂದಿಗೂ ಮನ್ಯಾಗ ಮಕ್ಕಳದಾರ!"

ಜಯಶ್ರೀ ದೂರ ಹೋಗಿ ಫೋನ್ ಮಾಡಿದಳು. ಮೊದಲು ಪೊಲೀಸರು ಬಂದರು. ಮಧ್ಯಾಹ್ನದ ಹೊತ್ತಿಗೆ ಮದ್ದು ತೆಗೆಯಲು ಗೊತ್ತಿರುವವರು ಬಂದು ಚೀಲ ಒಯ್ದರು. ಯಾರಿಗೂ ಒಂದು ಗಾಯವೂ ಆಗಲಿಲ್ಲ. ಬೀರಲಿಂಗ ಪೊಲೀಸ್ ಜೀಪಿನಲ್ಲಿ ಹೋದ.

ಸಂಜೆ ಪಂಪಣ್ಣನ ಮನೆಯಲ್ಲಿ ಒಲೆ ಹೊತ್ತಿರಲಿಲ್ಲ.

"ನನ್ನ ತಮ್ಮನ್ನ ಪೊಲೀಸರ ಕೈಗೆ ಕೊಟ್ಟು ಬಂದೀಯಲ್ಲಾ, ಯಾ ಮಾರಿ ಹೊತ್ತು ಮನಿಗೆ ಬಂದಿ?" ಗ್ಯಾನಮ್ಮ ಗಂಡನ ಮೇಲೆ ಹರಿಹಾಯ್ದಳು. "ಏನೂ ಆಗಿದ್ದಿಲ್ಲಲ್ಲ. ಸುಮ್ಕಿದ್ದ್ರ ಏನ್ ಹೋಗ್ತಿತ್ತು ನಿನ್ನ ಗಂಟು?"

ಜ್ಯೋತಿಯ ಪುಸ್ತಕ ಕೊಡಲು ಬಂದಿದ್ದ ಜಯಶ್ರೀ ಬಾಗಿಲಲ್ಲೇ ನಿಂತು ಕೇಳಿದಳು.

"ಗ್ಯಾನಮ್ಮಕ್ಕಾ, ಒಂದು ಮಾತು ಹೇಳು. ಆ ಚೀಲ ನಿಮ್ಮ ಮನ್ಯಾಗ ಎಲ್ಲಿತ್ತು?"

ಗ್ಯಾನಮ್ಮ ಒಲೆಯ ಕಡೆ ತಿರುಗಿದಳು. ಗೂಟ ನೋಡಿದಳು.

"ನಾನ ತೂಗಹಾಕಿದ್ದೆ," ಎಂದಳು. ದನಿ ಇಳಿದಿತ್ತು. "ಮುಂಜಾನಿ ಅದರ ಬಗಲಾಗ ಕುಂತು ಬೆಂಕಿ ಊದಿ ರೊಟ್ಟಿ ಬಡದೀನಿ. ಜ್ಯೋತಿ ನನ್ನ ಬಾಜೂಕ ಕುಂತು ಉಂಡ್ಳು."

ಗ್ಯಾನಮ್ಮ ಎದ್ದಳು. ಎರಡೂ ಕೈಯಿಂದ ಆ ಗೂಟ ಹಿಡಿದು ಅಲುಗಾಡಿಸಿ ಕಿತ್ತಳು. ಅಂಗಳಕ್ಕೆ ಬಿಸಾಕಿದಳು.

"ನಾಳೆ ಸ್ಟೇಷನ್ನಿಗೆ ನಾ ಬರ್ತೀನಿ," ಎಂದಳು ಗಂಡನಿಗೆ. "ತೋಟಾ ಯಾರು ಕೊಟ್ಟ್ರು, ಇನ್ನೂ ಯಾರ್ಯಾರ ಮನ್ಯಾಗ ಅದಾವ, ಎಲ್ಲಾ ಬಾಯಿ ಬಿಡು ಅಂತ ಅವಂಗ ನಾನ ಹೇಳ್ತೀನಿ. ನನ್ನ ತಮ್ಮ ಅದಾನ. ನನ್ನ ಮಾತು ಕೇಳ್ತಾನ."

ಅವನು ಅಕ್ಕನ ಮಾತು ಕೇಳಿದ. ಇನ್ನೆರಡು ಮನೆಗಳಿಂದ ಇನ್ನೆರಡು ಚೀಲ ಹೊರಬಂದವು.

ಈಗ ಪಂಪಣ್ಣ ಚೀಲ ಎಸೆಯುವುದಿಲ್ಲ. ಜ್ಯೋತಿ ಎಷ್ಟೋ ದಿನ ನಿಂತುಕೊಂಡೇ ಹೋಗುತ್ತಾಳೆ. ಬಸ್ಸಿನಲ್ಲಿ ಒಂಟಿ ಚೀಲ ಕಂಡರೆ ಇವನು ಕೆಳಗಿನಿಂದಲೇ ಗಂಟಲು ಹರಿಯುವಂತೆ ಕೂಗುತ್ತಾನೆ, "ಈ ಚೀಲ ಯಾರ್ದು?"

"ಯಾಕ ಕಾಕಾ, ಬಾಂಬ್ ಐತೇನು?" ಎಂದು ಮೊನ್ನೆ ಒಬ್ಬ ಹುಡುಗಾಟ ಮಾಡಿದ.

"ಇರ್ಲಿಕ್ಕಿಲ್ಲ," ಎಂದ ಪಂಪಣ್ಣ. "ನಾ ಒಗದ ಚೀಲದಾಗೂ ಇರ್ಲಿಕ್ಕಿಲ್ಲ ಅಂತನ ತಿಳಕೊಂಡಿದ್ದೆ. ಇಳಿ ಕೆಳಗ, ನಿನ್ನ ಚೀಲ ಕೈಯಾಗ ಹಿಡಕೊ."

ಇದನ್ನು ಓದುತ್ತಿರುವ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ಈಗ ನಿಮ್ಮನ್ನೇ ಕೇಳುತ್ತೇನೆ. ನಾಳೆ ಬೆಳಗ್ಗೆ ನಿಮ್ಮ ಚೀಲ ಎಲ್ಲಿರುತ್ತದೆ? ನಿಮ್ಮ ಕೈಯಲ್ಲೋ, ಕಿಟಕಿಯ ಒಳಗೋ? ಬೇರೆಯವರು ಹಿಡಿ ಎಂದು ಕೊಟ್ಟ ಚೀಲದಲ್ಲಿ ಏನಿದೆ ಎಂದು ಕೇಳಿ. ನೆಂಟನಾದರೂ ಕೇಳಿ, ಸಿಟ್ಟಾದರೆ ಆಗಲಿ. ಬಸ್ ನಿಲ್ದಾಣ, ಸಂತೆ, ಶಾಲೆ, ಗುಡಿ, ದರ್ಗಾ, ಎಲ್ಲೇ ಆಗಲಿ, ಮಾಲಕನಿಲ್ಲದ ಚೀಲ ಕಂಡರೆ ಮುಟ್ಟಬೇಡಿ, ಸುತ್ತ ಗುಂಪು ಕಟ್ಟಬೇಡಿ, ಫೋಟೋ ತೆಗೆಯಬೇಡಿ, ಸುಳ್ಳು ಸುದ್ದಿ ಹಬ್ಬಿಸಬೇಡಿ. ಜನರನ್ನು ದೂರ ಕಳಿಸಿ, ನೀವೂ ದೂರ ಹೋಗಿ 112ಕ್ಕೆ ಫೋನ್ ಮಾಡಿ. ಮನೆಯಲ್ಲಿ ಯಾರಾದರೂ ಕ್ವಾರಿಯ ಮದ್ದು ತಂದಿಟ್ಟಿದ್ದರೆ ಅದನ್ನು ಬಾವಿಗೆ ಹಾಕಲು ಹೋಗಬೇಡಿ, ಬಚ್ಚಿಡಬೇಡಿ. ಇದ್ದಲ್ಲೇ ಬಿಟ್ಟು ಪೊಲೀಸರಿಗೆ ಹೇಳಿ.

ಸೀಟು ಸಿಗಲಿಲ್ಲವೇ? ನಿಂತುಕೊಂಡು ಹೋಗಿ. ಸಂಜೆ ಮನೆಗೆ ಬಂದು ಮಕ್ಕಳ ಜೊತೆ ಕೂರಬಹುದು.