ಮೇಲಿನ ಮನೆಯ ಭೋಗ್ಯ

ಕದ ತಟ್ಟಲು ಎತ್ತಿದ ಕೈಯನ್ನು ಲಾವಣ್ಯ ಮತ್ತೆ ಕೆಳಗಿಳಿಸಿದಳು. ಮೋಡದೊಳಗೆ ವಿಮಾನ ನುಗ್ಗಿಸುವ ಪೈಲಟ್ಟಮ್ಮನಿಗೆ ತನ್ನದೇ ಮನೆಯ ಮಹಡಿಯಲ್ಲಿ ಧೈರ್ಯ ಸಾಲುತ್ತಿರಲಿಲ್ಲ. ಒಳಗೆ ಬಾಡಿಗೆಗಿದ್ದವರು ಬಾಗಲಕೋಟೆ ಕಡೆಯ ಚನ್ನಕ್ಕ ಮತ್ತು ಅವಳ ಗಂಡ ಮುದಕಪ್ಪ. ವರ್ತೂರಿನ ಸುತ್ತ ಏಳುತ್ತಿದ್ದ ಅಪಾರ್ಟ್‌ಮೆಂಟುಗಳಲ್ಲಿ ಇಬ್ಬರಿಗೂ ಗಾರೆ ಕೆಲಸ.

ಹಿಂದೊಮ್ಮೆ ಚನ್ನಕ್ಕನೇ ಕೆಳಗಿಳಿದು ಬಂದು ಮನೆಯನ್ನು ಭೋಗ್ಯಕ್ಕೆ ಕೇಳಿದ್ದಳು. ಒಂದೇ ಸಲ ಗಂಟು ಕೊಡುತ್ತೇವೆ, ಬಾಡಿಗೆಯಿಲ್ಲದೆ ಇರುತ್ತೇವೆ, ಮನೆ ಬಿಡುವಾಗ ಅಷ್ಟನ್ನೂ ವಾಪಸ್ ಕೊಟ್ಟರಾಯಿತು ಎಂದಿದ್ದಳು. ಲಾವಣ್ಯಳ ತಾಯಿ ರಾಮಮ್ಮ ಒಪ್ಪುವವಳಿದ್ದಳು. ಗಂಟು ಕಟ್ಟಿಕೊಂಡು ಏನು ಮಾಡುವುದು, ತನ್ನ ಸಂಬಳವೇ ಇದೆಯಲ್ಲ ಎಂದು ಲಾವಣ್ಯಳೇ ಬೇಡವೆನ್ನಿಸಿದ್ದಳು.

ಆ ಸಂಬಳದ್ದೊಂದು ವಿಚಿತ್ರ. ಖಾಯಂ ಬರುವುದು ಕಡಿಮೆ, ಹಾರಿದ ಗಂಟೆಗಳಿಗೆ ಸಿಗುವುದೇ ಹೆಚ್ಚು. ಕೈತುಂಬ ಹಾರಾಟವಿದ್ದ ತಿಂಗಳುಗಳನ್ನೇ ನಂಬಿ ಅವಳು ಕಾರಿನ ಸಾಲ ಮಾಡಿದ್ದಳು. ತರಬೇತಿಯ ಸಾಲ ಮೊದಲಿನಿಂದಲೂ ಇತ್ತು. ೨೦೧೨ರಲ್ಲಿ ಅವಳ ಕಂಪನಿಯ ವಿಮಾನಗಳು ಒಂದೊಂದಾಗಿ ನಿಂತವು, ಸಂಬಳವೂ ನಿಂತಿತು. ಕಾರು ಮಾರಿದ್ದಾಯಿತು. ಈಗ ಲೈಸೆನ್ಸ್ ಉಳಿಯಬೇಕಾದರೆ ನೆಲದ ಮೇಲೇ ಹಾರಾಟ ಮಾಡಿಸಿ ನೋಡುವ ಸಿಮ್ಯುಲೇಟರಿನ ಪರೀಕ್ಷೆಗೆ ಕೈಯಿಂದಲೇ ಹಣ ಕಟ್ಟಬೇಕು. ಲೈಸೆನ್ಸೇ ಹೋದರೆ ಕರೆದು ಕೆಲಸ ಕೊಡುವವರು ಯಾರೂ ಇರಲಿಲ್ಲ.

ಕೊನೆಗೆ ಕದ ತಟ್ಟಿದಳು. ಭೋಗ್ಯದ ಮಾತನ್ನು ಈಗ ತಾನೇ ಎತ್ತಿದಳು. ಅದು ಊರಲ್ಲಿ ಮನೆ ಕಟ್ಟಲೆಂದು ಚನ್ನಕ್ಕ ಚೀಟಿ ಕಟ್ಟಿ ಕೂಡಿಸಿದ ಹಣವೆಂಬುದು ಅವಳಿಗೆ ಗೊತ್ತಿತ್ತು.

"ನಿಮ್ಹತ್ರ ಮುಚ್ಚಿಡಲ್ಲ ಅಕ್ಕ," ಎಂದಳು. "ನಂಗೆ ಸಂಬಳ ಬರ್ತಿಲ್ಲ. ಪರೀಕ್ಷೆ ಫೇಲಾದ್ರೆ ನಿಮ್ ದುಡ್ಡು ವಾಪಸ್ ಕೊಡೋದು ಕಷ್ಟ ಆಗುತ್ತೆ."

ಚನ್ನಕ್ಕ ಗಂಡನ ಮುಖ ನೋಡಿದಳು. ಮುದಕಪ್ಪ ತಲೆಯಾಡಿಸಿದ.

"ಮಳಿ ಹಿಡದ್ರ ನಮ್ಮ ಕೂಲೀನೂ ನಿಲ್ಲತೈತ್ರಿ ಅಕ್ಕಾರ," ಎಂದಳು ಚನ್ನಕ್ಕ. "ಅದಕ್ಕಂತ ಗಾರಿ ಮೆತ್ತೋ ಕರಣಿ ಮಾರಿ ಉಣ್ಣಾಕ ಬರತೈತೇನು?"

ಸಾಲ ಕೇಳಿದಾಗ ಬ್ಯಾಂಕಿನವರು ಲಾವಣ್ಯಳನ್ನು ಕೂರಿಸಿಕೊಂಡು ಇಂಗ್ಲಿಷಿನಲ್ಲಿ ಇಲ್ಲವೆಂದಿದ್ದರು. ಇವರು ಪರೀಕ್ಷೆ ಎಂಥದ್ದೆಂದು ಕೂಡ ಕೇಳಲಿಲ್ಲ. ಕೆಳಗಿನ ಮನೆಯಲ್ಲಿ ರಾಮಮ್ಮ ದೇವರ ಮುಂದೆ ದೀಪ ಹಚ್ಚಿ, ಚನ್ನಕ್ಕ ಎಲೆ ಅಡಿಕೆಯೊಂದಿಗೆ ಕೊಟ್ಟ ಹಣವನ್ನು ಸೆರಗಿನಲ್ಲಿ ಇಸಿದುಕೊಂಡಳು.

ಪರೀಕ್ಷೆ ಮುಗಿಸಿಕೊಂಡು ದೇವನಹಳ್ಳಿ ಕಡೆಯಿಂದ ಬಸ್ಸು ಬದಲಾಯಿಸುತ್ತ ಬರುವ ಹೊತ್ತಿಗೆ ಸಂಜೆಯಾಗಿತ್ತು. ಚನ್ನಕ್ಕ ಕೆಲಸಕ್ಕೆ ಹೋಗದೆ ಮೆಟ್ಟಿಲ ಮೇಲೆ ಕೂತಿದ್ದಳು. ತಾಯಿಗಿಂತ ಮೊದಲು ಅವಳೇ ಎದ್ದು ನಿಂತಳು.

"ಪಾಸಾಯ್ತು ಅಕ್ಕ," ಎಂದಳು ಲಾವಣ್ಯ.

ತನ್ನ ದುಡ್ಡು ಉಳಿಯಿತೆಂದು ಚನ್ನಕ್ಕ ನಿಟ್ಟುಸಿರು ಬಿಟ್ಟಿದ್ದರೂ ತಪ್ಪಿರಲಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಹಂಗಾರ ಇನ್ನ ಉಣ್ಣೂಣು ಬಾ ತಂಗಿ," ಎಂದಳು. "ಮುಂಜಾನಿಂದ ಉಪಾಸ ಅದೀನಿ."

ಅವಳು ಉಪವಾಸ ಮಾಡುತ್ತಿದ್ದುದು ಸೋಮವಾರ ಮಾತ್ರ. ಅಂದು ಗುರುವಾರ. ಲಾವಣ್ಯ ಚಪ್ಪಲಿ ಬಿಡುವುದನ್ನೂ ಮರೆತು ಮೆಟ್ಟಿಲ ಬುಡದಲ್ಲಿ ನಿಂತಳು. ಚನ್ನಕ್ಕ ಮೆಟ್ಟಿಲು ಹತ್ತಿ ಹೋದಳು, ಮೇಲಿನ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಶುರುವಾಯಿತು.