ಅಪ್ಪಯ್ಯನ ಕಲ್ಲು

ಯುದ್ಧ ಆರಂಭವಾದ ಮೂರನೆಯ ದಿನ, ಮೇ ತಿಂಗಳ ಮಧ್ಯಾಹ್ನ, ಕಡಲಿನಲ್ಲಿರುವ ಬೋಟುಗಳೆಲ್ಲ ಕೂಡಲೇ ದಡ ಸೇರಬೇಕೆಂಬ ಆಜ್ಞೆ ಕೋಡಿಯ ಮೀನುಗಾರರ ಸಂಘಕ್ಕೆ ತಲುಪಿತು. ಸಂಘದ ವಯರ್‌ಲೆಸ್ ನೋಡಿಕೊಳ್ಳುತ್ತಿದ್ದ ರವಿಚಂದ್ರ ಒಂದೊಂದೇ ಬೋಟನ್ನು ಹೆಸರು ಹಿಡಿದು ಕರೆದ. ನಾಲ್ಕು ಗಂಟೆಯ ಹೊತ್ತಿಗೆ ಒಂದನ್ನುಳಿದು ಎಲ್ಲವೂ ಓಗೊಟ್ಟಿದ್ದವು. ಉಳಿದದ್ದು ‘ಜಲದುರ್ಗಾ’. ಅದನ್ನು ನಡೆಸುವ ತಾಂಡೇಲ ಅವನ ಸ್ವಂತ ತಮ್ಮ ನಿತೇಶ್. ಜೊತೆಯಲ್ಲಿ ಏಳು ಮಂದಿ.

ತಮ್ಮ ಏಕೆ ಓಗೊಡಲಿಲ್ಲವೆಂಬುದು ಅಣ್ಣನಿಗೆ ಚೆನ್ನಾಗಿ ತಿಳಿದಿತ್ತು. ನೀರಿನಡಿಯ ಬಂಡೆಯನ್ನು ಕಡಲಿನ ಜನ ಕಲ್ಲು ಎನ್ನುತ್ತಾರೆ. ದೊಡ್ಡ ಮೀನುಗಳು ಕೂಡುವುದು ಅಲ್ಲಿಯೇ. ಅವರ ತಂದೆ ರಾಮ ಮೊಗವೀರರು ಅಂಥದೊಂದು ಕಲ್ಲನ್ನು ಕಂಡುಹಿಡಿದಿದ್ದರು. ಅದರ ನೆಲೆಯನ್ನು ಸೂಚಿಸುವ ಅಂಕಿಗಳನ್ನು ಇಬ್ಬರು ಮಕ್ಕಳಿಗಲ್ಲದೆ ಮತ್ತಾರಿಗೂ ತಿಳಿಸದೆ ತೀರಿಕೊಂಡಿದ್ದರು. ಅಲ್ಲಿಗೆ ಹೋದೊಡನೆ ವಯರ್‌ಲೆಸ್ ನಿಲ್ಲಿಸಿ, ದೀಪ ಆರಿಸಿ, ಬೇರೆ ಬೋಟುಗಳ ಕಣ್ಣಿಗೆ ಬೀಳದಂತೆ ಗಾಳ ಹಾಕುವುದು ಆ ಮನೆಯ ಪದ್ಧತಿ. ನೆಮ್ಮದಿಯ ದಿನಗಳಲ್ಲಿ ಅದು ಜಾಣತನವೆನಿಸಿತ್ತು. ಈಗ?

ಕಾವಲು ಹಡಗುಗಳ ಕಚೇರಿಯಿಂದ ದೂರವಾಣಿ ಬಂತು. “ಆ ಒಂದು ಬೋಟು ಎಲ್ಲಿರಬಹುದು? ಅಂದಾಜಾದರೂ ಹೇಳಿ. ದೀಪವಿಲ್ಲದೆ, ಮಾತಿಲ್ಲದೆ ನಿಂತ ಬೋಟನ್ನ ನಮ್ಮವರು ಏನೆಂದು ತಿಳಿಯಬೇಕು? ನಮ್ಮ ಹಡಗಿಗೆ ಇಲ್ಲಿಂದ ಸಂಪರ್ಕ ಸಿಗ್ತಾ ಇಲ್ಲ, ಅದು ನಿಮ್ಮ ಚಾನೆಲನ್ನೇ ಕೇಳ್ತಾ ಇದೆ. ನೀವೇ ಹೇಳಿಬಿಡಿ.”

ಆ ಚಾನೆಲನ್ನು ಹಿಂದಿರುಗುತ್ತಿದ್ದ ಬೋಟುಗಳೂ ಕೇಳುತ್ತಿದ್ದವು. ಮಾತ್ರವಲ್ಲ, ದೂರದ ಹಡಗಿಗೆ ಮಾತು ಮುಟ್ಟಬೇಕಾದರೆ ಬೋಟಿನಿಂದ ಬೋಟಿಗೆ ಆ ಬೋಟಿನವರೇ ದಾಟಿಸಬೇಕಾಗಿತ್ತು.

ಬೆಂಚಿನ ಮೇಲೆ ಕುಳಿತಿದ್ದ ತಾಯಿ ವನಜ ತಲೆಯೆತ್ತಿದಳು. “ಹೇಳ್ರೆ ಇಡೀ ಕಡ್ಲಿಗೇ ಹೇಳ್ದಂಗೆ. ನಿನ್ನಪ್ಪಯ್ಯ ಸ್ವಂತ ಭಾವನಿಗೂ ಹೇಳಿರ್ಲಿಲ್ಲ.”

“ಗೊತ್ತಿತ್ತ್ ಅಮ್ಮ.”

“ಬಂದ್ಮೇಲೆ ನಿತೇಶ ನಿನ್ನ್ ಮಕ ಕಾಂಬುದಿಲ್ಲ.”

“ಕಾಣ್ದಿದ್ರೂ ಅಡ್ಡಿಲ್ಲ. ಬಪ್ಪುದ್ ಮುಖ್ಯ.”

ರವಿಚಂದ್ರ ಮೈಕಿನ ಗುಂಡಿ ಒತ್ತಿ, ತಂದೆಯ ಹೆಸರು, ತಮ್ಮನ ಹೆಸರು, ತನ್ನ ಹೆಸರು ಹೇಳಿ, ಅಂಕಿಗಳನ್ನು ಬಿಡಿಬಿಡಿಯಾಗಿ ಎರಡು ಬಾರಿ ಓದಿದ.

“ಹ್ವಾಯ್ ರವಿಚಂದ್ರಣ್ಣ,” ಎಂದಿತು ಯಾವುದೋ ಬೋಟಿನ ದನಿ, “ಇಷ್ಟ್ ವರ್ಷ ಎಲ್ ಅಡ್ಗ್ಸಿಟ್ಟಿದ್ರಿ ಇದನ್ನ?”

“ಬರ್ಕಂಡ್ರ್ಯಾ? ಹಾಂಗಾರೆ ಮುಂದಿನ ಬೋಟಿಗೂ ಹೇಳಿ, ಬೇಗ.”

ಮರುದಿನ ಹತ್ತು ಗಂಟೆಗೆ ‘ಜಲದುರ್ಗಾ’ ನದಿ ಕಡಲು ಸೇರುವ ಅಳಿವೆಯನ್ನು ದಾಟಿ ಬಂತು. ಇಳಿದವರನ್ನೆಲ್ಲ ಬೆರಳು ಮಡಚಿ ಎಣಿಸಿ, ಎಂಟು ತುಂಬಿದ ಮೇಲೆಯೇ ವನಜ ಸೆರಗಿನಿಂದ ಮುಖ ಒರೆಸಿಕೊಂಡಳು. ನಿತೇಶ್ ನೇರವಾಗಿ ಅಣ್ಣನೆದುರು ಬಂದು ನಿಂತ.

“ಬೆಳ್ಗಾತ ತಲೆ ಎತ್ತಿ ಕಾಂತೆ, ಎದ್ರಿಗೆ ಹಡ್ಗ. ಬಂದೂಕ ನಮ್ಮ್ ಬದಿಗೇ ಇತ್ತ್. ನನ್ನ್ ಕೈಯಲ್ಲ್ ಆಗಷ್ಟೇ ಎಳ್ದ ಮೀನ್. ಮೀನ್ ಸಮೇತ ಕೈ ಮೇಲ್ ಮಾಡ್ದೆ.”

“ಮತ್ತೆ?”

“ನನ್ನ್ ಹೆಸ್ರ್ ಕೇಂಡ್ರ್, ಅಪ್ಪಯ್ಯಂದ್ ಕೇಂಡ್ರ್, ನಿಂದೂ ಕೇಂಡ್ರ್. ಮೂರೂ ಅವ್ರ ಚೀಟಿಯಲ್ಲ್ ಇತ್ತ್. ಬಂದೂಕ ಆಚಿಗೆ ತಿರ್ಗ್ಸ್ರ್.” ಅವನು ಕಡಲಿನತ್ತ ತಿರುಗಿದ. “ಕಲ್ಲ್ ಹೋಯ್ತ್, ಅಲ್ದಾ?”

“ಹೋಯ್ತ್.”

“ಮಳ್ಗಾಲ ಕಳ್ದ್ಮೇಲೆ ಬೇರೆ ಕಲ್ಲ್ ಹುಡ್ಕ್ಬೇಕ್. ನೀನೂ ಬರ್ಬೇಕ್. ಹೇಳ್ದವ್ನ್ ನೀನೇ ಅಲ್ದಾ?”

“ಅಳಿವೆ ದಾಟುದ್ರೊಳ್ಗೆ ನಂಗ್ ವಾಂತಿ ಬತ್ತಿತ್ತ್, ಮಾರಾಯ.”

“ಬರ್ಲಿ. ಬಾಲ್ದಿ ನಾನ್ ಹಿಡಿತೆ.”