ಮಣ್ಣಿಗೆ ಬಂದ ಅವ್ವ

ಮೂಗಿನ ತುದಿಗೆ ಕಲ್ಲು ತಣ್ಣಗೆ ತಾಗುತ್ತಿದೆ, ಕಣ್ಣೆದುರೇ ಒಂದು ಇರುವೆ ದಾಟುತ್ತಿದೆ, ಹೋಗು ತಾಯಿ, ನಿನಗೆ ಯಾವ ವ್ರತವೂ ಇಲ್ಲ — ಅಡ್ಡಬಿದ್ದಿದ್ದೇನೆ, ಮೇಲೆ ಬಿಳಿ ಬಟ್ಟೆ ಹೊದಿಸಿದ್ದಾರೆ, ಸಂತರ ಹೆಸರು ಒಂದೊಂದಾಗಿ ಹಾಡುತ್ತಿದ್ದಾರೆ, ನಮಗಾಗಿ ಪ್ರಾರ್ಥಿಸಿರಿ, ನಮಗಾಗಿ ಪ್ರಾರ್ಥಿಸಿರಿ, ಇದು ಮುಗಿದರೆ ಕೊನೆಯ ವ್ರತ, ಬಡತನ, ಬ್ರಹ್ಮಚರ್ಯ, ವಿಧೇಯತೆ, ಸಾಯುವ ತನಕ — ಅವ್ವ ಬಂದಿದ್ದಾಳೆ, ಶಹಾಬಾದಿನ ಕಲ್ಲಿನ ಖಣಿಯ ಮರೆಮ್ಮ, ವಾಡಿಯಲ್ಲಿ ಗಾಡಿ ಇಳಿದು ಈ ಚರ್ಚಿನ ಬಾಗಿಲಲ್ಲೇ ಕೂತವಳು, ಇಷ್ಟು ವರ್ಷ ಮುಖ ಕೊಟ್ಟು ಮಾತಾಡದವಳು, ಇದ್ದೊಬ್ಬ ಮಗಳನ್ನ ಸಿಸ್ಟರಮ್ಮಗೋಳು ಇಟಗೊಂಡ್ರು ಎಂದು ಓಣಿಯೆಲ್ಲ ಬೈದವಳು, ಮೈಸೂರು ಹೋಗಿ ಕರ್ನಾಟಕ ಆದ ವರ್ಷವೇ ನಾನೂ ಭಾಗಮ್ಮ ಹೋಗಿ ಸಿಸ್ಟರ್ ಲೂಸಿಯಾದೆ, ರಾಜ್ಯದ ಹೆಸರು ಬೇಕಾದ್ರ ಬದಲಿ ಮಾಡ್ಲಿ, ನಾ ಹಡದಕಿದು ಯಾಕ ಮಾಡಬೇಕು, ಭಾಗಮ್ಮ ಅನ್ನಾಕ ಅವರ ನಾಲಿಗಿ ಹೊಳ್ಳಂಗಿಲ್ಲೇನು ಎಂದಿದ್ದಳು — ಇರಲಿ, ಇವತ್ತು ಬಂದಳಲ್ಲ, ಎದ್ದ ಮೇಲೆ ಕಾಲು ಹಿಡಿಯುತ್ತೇನೆ, ತಲೆ ಮ್ಯಾಲ ಒಮ್ಮೆ ಕೈ ಇಡವ್ವ ಎನ್ನುತ್ತೇನೆ, ಯೇಸುವಿನ ಮದುವಣಗಿತ್ತಿ ಎಂದು ತೊಡಿಸಲಿರುವ ಉಂಗುರಕ್ಕಿಂತ ಅದೇ ಬೇಕು ನನಗೆ, ದೇವರು ಕ್ಷಮಿಸಲಿ.

ಸಂತರ ನಡುವೆ ಅದ್ಯಾವ ದನಿ — ಅಯ್ಯೋ, ಅವ್ವ, ಹಾಡಿಕೊಂಡು ಅಳುತ್ತಿದ್ದಾಳೆ, ನಮ್ಮ ಓಣಿಯಲ್ಲಿ ಹೆಣದ ಮುಂದೆ ಅಳುವ ರಾಗದಲ್ಲಿ, ಯವ್ವಾ ನನ್ನ ಭಾಗಮ್ಮಾ, ಬಿಸಿ ಸಜ್ಜಿ ರೊಟ್ಟಿ ಬೇಡತಿದ್ದೆಲ್ಲವ್ವಾ, ಇನ್ನ ಯಾರಿಗಿ ಬಡೀಲೇ ಯವ್ವಾ — ಹುಚ್ಚವ್ವಾ, ನಾನು ಸತ್ತಿಲ್ಲ, ಯಾರಾದರೂ ಹೇಳಿ ಅವಳಿಗೆ — ಹೇಳಿದ್ದಾರಲ್ಲ, ಹೋದ ತಿಂಗಳು ನಮ್ಮ ಕಾನ್ವೆಂಟಿನ ಮದರ್ ಅವ್ವನ ಮನೆಗೇ ಹೋಗಿ, ಇನ್ನು ಅವಳು ಲೋಕಕ್ಕೆ ಸತ್ತ ಹಾಗಮ್ಮ ಎಂದು, ಅವ್ವ ನಂಬಿಬಿಟ್ಟಳು, ಅದಕ್ಕೇ ಬಂದಿದ್ದಾಳೆ, ಮದುವೆಗಲ್ಲ, ಮಣ್ಣಿಗೆ — ಬಟ್ಟೆ ಕಿತ್ತೆಸೆದು ಏಳಲೇ, ಏಳು ಎನ್ನುವ ತನಕ ಏಳುವಂತಿಲ್ಲ, ಇದೇನಾ ವಿಧೇಯತೆ, ಅವ್ವನ ದನಿ ಹತ್ತಿರ ಬಂತು, ಬಿಡ್ರಿ ನನ್ನ, ಒಂದು ಹಿಡಿ ಹಾಕ್ತೀನಿ ಎನ್ನುತ್ತಿದ್ದಾಳೆ, ಬೆನ್ನ ಮೇಲೆ ಏನೋ ಉದುರಿತು, ಸೆರಗಿನಲ್ಲಿ ಕಟ್ಟಿ ತಂದ ನಮ್ಮ ಅಂಗಳದ ಮಣ್ಣು — ಏಳು ಮಗಳೇ ಎಂದರು ಗುರುಗಳು, ಎದ್ದೆ, ಅವ್ವ ಆಗಲೇ ಬಾಗಿಲು ದಾಟುತ್ತಿದ್ದಳು, ಅವ್ವಾ ಎಂದು ಕೂಗಿದೆ, ಎಲ್ಲರೆದುರೇ ಕೂಗಿದೆ, ಮಣ್ಣು ಕೊಟ್ಟವರು ಹೊಳ್ಳಿ ನೋಡಬಾರದು, ಅಪ್ಪನನ್ನು ಮಣ್ಣು ಮಾಡಿ ಬರುವಾಗ ಅವಳೇ ನನ್ನ ಕುತ್ತಿಗೆ ಹಿಡಿದು, ನೋಡಬ್ಯಾಡ — ಅವ್ವಾ, ನಾನವ್ವ, ಭಾಗಮ್ಮ — ಆ ಬೆನ್ನು, ತೇಪೆ ಹಾಕಿದ ಕುಬುಸದ ಬೆನ್ನು, ಮೆಟ್ಟಿಲ ಮೇಲೆ ಒಂದು ಗಳಿಗೆ ನಿಂತಿತು, ತಿರುಗುತ್ತಾಳೆ, ಈಗ ತಿರುಗುತ್ತಾಳೆ — ಬಿಸಿಲಿಗೆ ಇಳಿಯಿತು, ಆ ಬೆನ್ನು, ಅವ್ವನ ಬೆನ್ನು, ಬೆನ್ನು